ಹತ್ತು ಫೆಮ್ಟೊಸೆಕೆಂಡಿನ ಷರತ್ತು

ಬಹಳ ಹಿಂದಿನ ಕಾಲದಲ್ಲೂ ಅಲ್ಲ, ಏಳು ಸಮುದ್ರದಾಚೆಯೂ ಅಲ್ಲ. ಇಲ್ಲೇ, ಭದ್ರಾ ಹೊಳೆಯ ದಡದ ಭದ್ರಾವತಿಯಲ್ಲಿ, ಓಲ್ಡ್ ಟೌನ್‌ನ ಒಂದು ಸಣ್ಣ ಬೀದಿಯಲ್ಲಿ ಒಬ್ಬ ರಾಜಕುಮಾರಿ ಇದ್ದಳು.

ಅವಳಿಗೆ ಅರಮನೆ ಇರಲಿಲ್ಲ, ಬಸ್ ಪಾಸ್ ಇತ್ತು. ಮಂತ್ರಿಗಳು ಇರಲಿಲ್ಲ, ಅಜ್ಜಿ ಇದ್ದಳು. ಆ ಒಬ್ಬಳೇ ಸಾಕಾಗಿತ್ತು. ಕೇಳದಿದ್ದರೂ ಸಲಹೆ ಕೊಡುವುದರಲ್ಲಿ ದುರ್ಗಮ್ಮಜ್ಜಿಗೆ ಯಾವ ಮಂತ್ರಿಯೂ ಸಮನಲ್ಲ.

ರಾಜಕುಮಾರಿಯ ಹೆಸರು ಪೂಜಿತಾ. ಅವಳಿಗೆ ಬೆಳಕಿನ ಹುಚ್ಚು. ಚಿಕ್ಕವಳಿದ್ದಾಗ ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗಿ ಗೋಡೆಗೆ ಹಣೆ ಬಡಿಸಿಕೊಂಡವಳು. ದೊಡ್ಡವಳಾದ ಮೇಲೂ ಆ ಹುಚ್ಚು ಬಿಡಲಿಲ್ಲ. ಶಿವಮೊಗ್ಗದ ಹೊರವಲಯದ ವಿಶ್ವವಿದ್ಯಾಲಯದಲ್ಲಿ, ಲೇಸರ್ ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತು.

ಸೇರುವ ದಿನ ಅಜ್ಜಿ ಅವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದಳು.

"ಹೊಸ ಜಾಗಕ್ಕೆ ಬೋಳುಗೈಲಿ ಹೋಗ್ತಾರೇನೇ? ನೋಡ್ದೋರು ಏನಂದ್ಕೋತಾರೆ."

ಹಾಗೆ ಘಲ್ ಘಲ್ ಎನ್ನುತ್ತ ಪೂಜಿತಾ ಲ್ಯಾಬಿನ ಬಾಗಿಲು ತಳ್ಳಿದಳು. ಒಳಗೆ ಕತ್ತಲು. ದೊಡ್ಡದೊಂದು ಉಕ್ಕಿನ ಮೇಜು, ಅದರ ತುಂಬ ಪುಟ್ಟ ಪುಟ್ಟ ಕನ್ನಡಿಗಳು, ಎಲ್ಲೋ ಒಂದು ಕಡೆ ಕಡುಗೆಂಪು ಚುಕ್ಕೆ. ಇದೇ… ಇದೇ ನನ್ನ ಅರಮನೆ ಎಂದುಕೊಳ್ಳುತ್ತ ಒಂದು ಹೆಜ್ಜೆ ಮುಂದಿಟ್ಟಳು.

"ಅಲ್ಲೇ ನಿಲ್ಲಿ," ಎಂದಿತು ಕತ್ತಲೊಳಗಿಂದ ಒಂದು ಗಂಡುದನಿ. "ಬಳೆ ತೆಗೀರಿ."

ಪೂಜಿತಾ ಕಲ್ಲಾದಳು.

ಅಜ್ಜಿಯ ಲೋಕದಲ್ಲಿ ಹೆಣ್ಣುಮಗಳಿಗೆ ಬಳೆ ತೆಗಿ ಎನ್ನುವ ಸಂದರ್ಭ ಒಂದೇ ಒಂದು. ಆ ಸಂದರ್ಭ ಬರಬೇಕಾದರೆ ಮೊದಲು ಮದುವೆಯಾಗಬೇಕು, ಆಮೇಲೆ ಗಂಡ ಸಾಯಬೇಕು.

"ಏನಂದ್ರಿ?"

"ಬಳೆ. ಎರಡೂ ಕೈದು. ತೆಗೆದು ಬಾಗಿಲ ಹತ್ರ ಇರೋ ತಟ್ಟೇಲಿ ಇಡಿ."

"ನನಗಿನ್ನೂ ಮದುವೇನೇ ಆಗಿಲ್ಲ ಕಣ್ರೀ," ಎಂದುಬಿಟ್ಟಳು ಪೂಜಿತಾ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕತ್ತಲಲ್ಲಿ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ಅವಳೇ ಮೋನಿಕಾ, ಮುಂದೆ ಪೂಜಿತಾಳ ಜೀವದ ಗೆಳತಿಯಾಗುವವಳು.

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎನ್ನುತ್ತ ಆ ದನಿಯ ಒಡೆಯ ಬೆಳಕಿಗೆ ಬಂದ. ಎತ್ತರದ ಆಳು. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡಿದ್ದ. ಅದನ್ನು ಹಣೆಗೇರಿಸಿದಾಗ ಕೆಳಗೆ ಎರಡು ಗಾಬರಿಬಿದ್ದ ಕಣ್ಣುಗಳು ಕಂಡವು. "ನೋಡಿ, ಲೇಸರ್ ಕಿರಣ ಬಳೆ ಮೇಲೆ ಬಿದ್ರೆ ಎತ್ತ ಹಾರುತ್ತೋ ಹೇಳೋಕಾಗಲ್ಲ. ಯಾರ ಕಣ್ಣಿಗೆ ಬಿದ್ರೂ ಅವರ ಕಣ್ಣು ಹೋಯ್ತು. ಉಂಗುರ, ವಾಚು, ಬಳೆ, ಹೊಳೆಯೋದೆಲ್ಲ ಹೊರಗೆ. ಇಲ್ಲಿನ ಪದ್ಧತಿ ಅದು."

ಬಾಗಿಲ ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಒಂದು ಗಂಡಸರ ವಾಚು, ಯಾರದೋ ಉಂಗುರ, ಒಂದು ಜೊತೆ ಓಲೆ ಇದ್ದವು. ಪೂಜಿತಾಳ ಕಿವಿ ಬಿಸಿಯಾಯಿತು. ಒಂದೊಂದೇ ಬಳೆ ಕಳಚಿದಳು. ಅವನು ತಟ್ಟೆ ಹಿಡಿದು ನಿಂತಿದ್ದ, ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತವರ ಹಾಗೆ.

"ಸಾರಿ," ಎಂದ ಮೆಲ್ಲಗೆ. "ಕೇಳೋಕೆ ಒರಟಾಗಿತ್ತು ಅಂತ ಈಗ ಗೊತ್ತಾಯ್ತು. ನಾನು ವಸಂತ್. ಆಯನೂರು."

ಅಂದು ಸಂಜೆ ವಿಷಯ ತಿಳಿದ ದುರ್ಗಮ್ಮಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾವನೇ ಅವನು, ಮೊದಲ್ನೇ ದಿನಾನೇ ನನ್ನ ಮೊಮ್ಮಗಳ ಬಳೆ ತೆಗೆಸಿದೋನು? ನಾಳೆ ನಾನೂ ಬರ್ತೀನಿ."

"ಅಜ್ಜೀ, ಅವರು ಸಾರಿ ಕೇಳಿದ್ರು."

"ಓಹೋ. ಅವರು." ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದಳು. ಮುಂದೆ ಆ ವಿಷಯ ಎತ್ತಲಿಲ್ಲ.

* * *

ಆ ಲ್ಯಾಬಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಪೂಜಿತಾ ಅಜ್ಜಿಗೆ ಎಷ್ಟೋ ಸಲ ವಿವರಿಸಿದ್ದಳು.

"ಒಂದು ಸೆಕೆಂಡನ್ನ ಸಾವಿರ ಪಾಲು ಮಾಡು ಅಜ್ಜಿ. ಅದರಲ್ಲಿ ಒಂದು ಪಾಲನ್ನ ಮತ್ತೆ ಸಾವಿರ ಪಾಲು ಮಾಡು. ಹಿಂಗೇ ಐದು ಸಲ ಮಾಡಿದ್ರೆ ಸಿಗೋದು ಒಂದು ಫೆಮ್ಟೊಸೆಕೆಂಡು."

"ಅಷ್ಟೊತ್ತಿಗೆ ಒಲೆ ಮೇಲಿನ ಅನ್ನ ಸೀದು ಹೋಗಿರುತ್ತೆ."

"ಕೇಳು ಅಂದ್ರೆ. ಅಷ್ಟು ಸಣ್ಣ ಹೊತ್ತಲ್ಲಿ ಬಂದು ಹೋಗೋ ಬೆಳಕಿನ ಮಿಂಚನ್ನ ನಾವು ಮಾಡ್ತೀವಿ. ಅದಕ್ಕೆ ಪಲ್ಸ್ ಅಂತೀವಿ. ಓಡೋ ಕುದುರೆ ಫೋಟೋ ತೆಗೀಬೇಕಾದ್ರೆ ಫ್ಲ್ಯಾಶ್ ಬೇಗ ಬಂದು ಹೋಗ್ಬೇಕಲ್ವಾ? ಎಲೆಯೊಳಗೆ ಬಿಸಿಲು ಬಿದ್ದಾಗ ಅಲ್ಲಿನ ಕಣಗಳು ಕುದುರೆಗಿಂತ ಎಷ್ಟೋ ಜೋರಾಗಿ ಓಡ್ತಾವೆ. ಅದರ ಫೋಟೋಗೆ ಈ ಮಿಂಚೇ ಬೇಕು."

"ಕುದುರೆಗೆ ಮೇವು ಹಾಕಿದ್ದೂ ಸಾಕು, ನೀನು ಊಟ ಮಾಡು."

ಅವರ ಗೈಡ್ ಪ್ರೊಫೆಸರ್ ಜಗದಾಂಬಾ ಮೇಡಂಗೆ ಒಂದೇ ಒಂದು ಕನಸಿತ್ತು. ಹತ್ತು ಫೆಮ್ಟೊಸೆಕೆಂಡಿಗಿಂತ ಚಿಕ್ಕದಾದ ಪಲ್ಸ್. ದೊಡ್ಡ ದೊಡ್ಡ ಸಂಸ್ಥೆಗಳು ಅದನ್ನು ದುಬಾರಿ ಯಂತ್ರಗಳಿಂದ ಮಾಡಿದ್ದವು. ಮೇಡಂ ಮಾತ್ರ ಉಗುರಿಗಿಂತ ತೆಳ್ಳಗಿನ ಕೆಲವು ಗಾಜಿನ ಬಿಲ್ಲೆಗಳಿಂದ ಮಾಡಿ ತೋರಿಸುತ್ತೇನೆಂದು ಹಟ ತೊಟ್ಟಿದ್ದರು. ಕಿರಣ ಆ ಬಿಲ್ಲೆಗಳನ್ನು ದಾಟುವಾಗ ಅದರೊಳಗೆ ಹೊಸ ಹೊಸ ಬಣ್ಣಗಳು ಹುಟ್ಟುತ್ತವೆ. ಆದರೆ ಗಾಜಿನೊಳಗೆ ಕೆಂಪು ಮುಂದೆ ಓಡುತ್ತದೆ, ನೀಲಿ ಹಿಂದೆ ಬೀಳುತ್ತದೆ. ವಿಶೇಷ ಕನ್ನಡಿಗಳಿಂದ ಅವನ್ನೆಲ್ಲ ಮತ್ತೆ ಒಟ್ಟಿಗೆ ಸೇರಿಸಬೇಕು. ಎಲ್ಲ ಬಣ್ಣಗಳೂ ಒಂದೇ ಸಲಕ್ಕೆ ಬಂದು ತಲುಪಿದರೆ, ಅದೇ ಚಿಕ್ಕ ಪಲ್ಸ್.

ಸೇರಿಸುವ ಆ ಕೆಲಸ ಪೂಜಿತಾ ಮತ್ತು ವಸಂತನ ಪಾಲಿಗೆ ಬಂದಿತ್ತು.

ವಸಂತ್ ಅದೇ ಲ್ಯಾಬಿನಲ್ಲಿ ಪಿಎಚ್.ಡಿ. ಮುಗಿಸಿ ಸಂಶೋಧಕನಾಗಿ ಉಳಿದುಕೊಂಡವನು. ಮಾತು ಕಡಿಮೆ. ಕನ್ನಡಿ ತಿರುಗಿಸುವ ಸ್ಕ್ರೂ ಮೇಲೆ ಅವನು ಬೆರಳು ಇಟ್ಟರೆ ಸಾಕು, ಪೂಜಿತಾಗೆ ಉಸಿರಾಡುವುದೇ ಮರೆಯುತ್ತಿತ್ತು. ಕೂದಲೆಳೆಯಷ್ಟು ತಿರುಗಿಸಿ, ನಿಲ್ಲಿಸಿ, "ಈಗ?" ಎಂದು ಕೇಳುತ್ತಿದ್ದ. ಅವಳು ಪರದೆ ನೋಡಿ "ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದಳು. ದಿನಗಟ್ಟಲೆ ಅವರ ನಡುವೆ ಇದ್ದ ಮಾತು ಇಷ್ಟೇ. ಈಗ? ಸ್ವಲ್ಪ ಎಡಕ್ಕೆ. ಈಗ? ಸಾಕು, ಹಂಗೇ ಇರ್ಲಿ.

ಇಷ್ಟರಲ್ಲೇ ಅವಳು ಅವನನ್ನು ಪ್ರೀತಿಸಿಬಿಟ್ಟಿದ್ದಳು!

ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅವಳು ಅಜ್ಜಿಯ ಕಥೆಯೊಂದನ್ನು ಹೇಳಿದಳು. ರಾಜಕುಮಾರಿಯನ್ನು ಕೇಳಲು ಬಂದ ರಾಜಕುಮಾರ, ಅವನ ಮುಂದಿಟ್ಟ ಕಷ್ಟದ ಕೆಲಸ, ಆ ಕೆಲಸ ಮುಗಿಯುವ ತನಕ ಅವನು ಬಾಯಿ ಬಿಡುವ ಹಾಗಿಲ್ಲ…

"ಬಾಯಿ ಬಿಟ್ರೆ?"

"ಕಲ್ಲಾಗ್ತಾನೆ."

ವಸಂತ್ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕುಳಿತ. ಅವನ ಕಿವಿಯ ತುದಿ ಕೆಂಪಾಗಿತ್ತು.

"ಹಂಗಾದ್ರೆ ನಾನೂ ಒಂದು ಷರತ್ತು ಹಾಕ್ಕೋತೀನಿ," ಎಂದ. "ನಮ್ಮ ಪಲ್ಸ್ ಹತ್ತರ ಕೆಳಗೆ ಇಳಿದ ದಿನ ನಿಮಗೆ ಒಂದು ಮಾತು ಹೇಳ್ತೀನಿ."

ಪೂಜಿತಾ ಲೋಟ ಕೆಳಗಿಟ್ಟಳು. "ಏನು ಮಾತು?"

"ಈಗಲೇ ಹೇಳಿದ್ರೆ ಕಲ್ಲಾಗ್ತೀನಲ್ಲ."

ಪಕ್ಕದಲ್ಲಿ ಬನ್ನು ತಿನ್ನುತ್ತಿದ್ದ ಮೋನಿಕಾ ಇಬ್ಬರನ್ನೂ ನೋಡಿದಳು. "ಅಯ್ಯೋ ಮಾರಾಯ, ಜನ ರಾಹುಕಾಲ ನೋಡ್ತಾರೆ, ಗುಳಿಕಕಾಲ ನೋಡ್ತಾರೆ. ನೀನೊಬ್ಬ ಫೆಮ್ಟೊಸೆಕೆಂಡ್ ನೋಡ್ತೀಯಲ್ಲ."

ಆ ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಪೂಜಿತಾಗೆ ಕೂರಲು ಸೀಟು ಸಿಗಲಿಲ್ಲ. ಸಿಗಲಿಲ್ಲವೆಂದು ಗೊತ್ತಾಗಿದ್ದೇ ಇಳಿಯುವಾಗ.

ಆ ಒಂದು ಮಾತು ಏನಿರಬಹುದು… ಬೇರೇನಾದರೂ ಇದ್ದರೆ? ಇಲ್ಲ. ಕಿವಿ ಕೆಂಪಾಗಿತ್ತಲ್ಲ. ಬೇರೇನೂ ಇರಲಾರದು.

* * *

ಆಮೇಲೆ ಅವಳು ಕೆಲಸ ಮಾಡಿದ ಪರಿ! ಬೆಳಗಿನ ಮೊದಲ ಬಸ್ಸಿಗೇ ಬರುತ್ತಿದ್ದಳು. ಹತ್ತೊಂಬತ್ತು ಫೆಮ್ಟೊಸೆಕೆಂಡಿಗೆ ಇಳಿದಿದ್ದ ಪಲ್ಸ್ ಹದಿನೈದಕ್ಕೆ ಬಂತು. ಅಲ್ಲಿಂದ ಮುಂದೆ ಎಮ್ಮೆ ಹೊಳೆಗೆ ಇಳಿದು ಕೂತ ಹಾಗೆ ಕೂತುಬಿಟ್ಟಿತು.

ಫೆಬ್ರವರಿ ಮುಗಿಯುತ್ತಿತ್ತು. ಬೆಳಕಿನ ಸಂಶೋಧನೆಗೆಂದು ವಿಜ್ಞಾನಿಗಳ ಪರಿಷತ್ತೊಂದು ದೇಶಮಟ್ಟದಲ್ಲಿ ಕೊಡುವ ಪುರಸ್ಕಾರಕ್ಕೆ ಕೆಲಸ ಕಳಿಸುವ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಅಳತೆಯ ಪರದೆಯ ನಟ್ಟನಡುವೆ ಒಂದು ಮೊನೆ ಎದ್ದಿತು. ಸೂಜಿಯಷ್ಟು ಸಪೂರ. ಪಕ್ಕದ ಅಂಕಿ ಹತ್ತಕ್ಕಿಂತ ಕಡಿಮೆ.

ಪೂಜಿತಾ ಕಣ್ಣುಜ್ಜಿಕೊಂಡಳು. ಮತ್ತೆ ಅಳೆದಳು. ಮತ್ತೂ ಅದೇ ಮೊನೆ.

"ಮೇಡಂ… ಬಂತು!"

ಜಗದಾಂಬಾ ಮೇಡಂ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ ಬಂದರು. ಮೋನಿಕಾ ಪೂಜಿತಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ಇವತ್ತೇ ಕಳಿಸ್ಬಿಡೋಣ ಕಣಮ್ಮ, ಇವತ್ತೇ," ಎನ್ನುತ್ತ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪೂಜಿತಾ ವಸಂತನ ಕಡೆ ತಿರುಗಿದಳು. ಈಗ ಅವನು ನಗುತ್ತಾನೆ. ಈಗ "ಹೊರಗೆ ಬನ್ನಿ" ಎನ್ನುತ್ತಾನೆ. ಈಗ…

ವಸಂತ್ ಪರದೆಗೆ ಮುಖ ಇಟ್ಟು ನಿಂತಿದ್ದ. ಪರದೆಯ ಅಂಚನ್ನು ಬೆರಳಲ್ಲಿ ತೋರಿಸಿ ಹೇಳಿದ:

"ಕಳಿಸೋದು ಬೇಡ ಮೇಡಂ. ಇದು ಪಲ್ಸ್ ಅಲ್ಲ."

"ಅಲ್ಲ ಅಂದ್ರೆ?" ಪೂಜಿತಾಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಸುಳ್ಳು ಮೊನೆ ಇದು. ಅಳೆಯೋ ಅಗಲ ಇನ್ನಷ್ಟು ಜಾಸ್ತಿ ಮಾಡಿ ನೋಡಿದ್ರೆ…"

ಮುಂದಿನದು ಅವಳ ಕಿವಿಗೆ ಬೀಳಲಿಲ್ಲ. ಸುಳ್ಳು ಎನ್ನುವುದೊಂದೇ ಬಿದ್ದಿತ್ತು. ಎಲ್ಲರೂ ಕುಣಿಯುತ್ತಿದ್ದಾಗ ಇವನೊಬ್ಬನೇ ಯಾಕೆ ಇಷ್ಟು ತಣ್ಣಗೆ? ಒಂದು ಕ್ಷಣವಾದರೂ ಖುಷಿಪಡಬಾರದಿತ್ತೇ? ತಟ್ಟನೆ ಅವಳಿಗೆ ಹೊಳೆಯಿತು, ಹೊಳೆದದ್ದೇ ಎದೆಗೆ ಚುಚ್ಚಿತು. ಪಲ್ಸ್ ನಿಜವೆಂದು ಒಪ್ಪಿಕೊಂಡರೆ ಇವನು ಆ ಮಾತು ಹೇಳಬೇಕಾಗುತ್ತದೆ. ಹೇಳಲು ಇವನಿಗೆ ಮನಸ್ಸಿಲ್ಲ.

"ನಿಮಗೆ ಇದು ಸುಳ್ಳಾಗೇ ಬೇಕು, ಅಲ್ವಾ?" ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಪೂಜಿತಾ, ನಾನು…"

"ತಮಾಷೆಗೆ ಅಂದಿದ್ದೆ ಅಂತ ಹೇಳಿದ್ರೆ ಸಾಕಿತ್ತು. ನನ್ನ ಕೆಲಸಾನೇ ಸುಳ್ಳು ಮಾಡ್ಬೇಕಾಗಿರ್ಲಿಲ್ಲ."

ತಟ್ಟೆಯಿಂದ ತನ್ನ ವಾಚು ಎತ್ತಿಕೊಂಡು ಹೊರಟೇಬಿಟ್ಟಳು.

* * *

ಅಜ್ಜಿ ಹಪ್ಪಳದ ಹಿಟ್ಟಿಗೆ ಎಣ್ಣೆ ಹಚ್ಚಿ ನಾದುತ್ತಿದ್ದಳು. ಹೊತ್ತಿಗೆ ಮುಂಚೆ ಬಂದ ಮೊಮ್ಮಗಳ ಮುಖ ನೋಡಿ ಲಟ್ಟಣಿಗೆ ಅವಳ ಕಡೆ ತಳ್ಳಿದಳು.

"ಲಟ್ಟಿಸು. ಲಟ್ಟಿಸ್ತಾ ಹೇಳು."

ಪೂಜಿತಾ ಲಟ್ಟಿಸುತ್ತ, ಮೂಗು ಸೇದುತ್ತ ಎಲ್ಲ ಹೇಳಿದಳು. ಷರತ್ತಿನ ವಿಷಯವನ್ನೂ ಹೇಳಿದಳು. ಹಪ್ಪಳಗಳು ಒಂದೂ ದುಂಡಗೆ ಬರಲಿಲ್ಲ.

"ಅವನು ಅಲ್ಲ ಅಂದಾಗ ಮುಖ ಹೆಂಗಿತ್ತು?" ಎಂದಳು ಅಜ್ಜಿ.

"ಯಾರು ನೋಡಿದ್ರು ಅಜ್ಜಿ, ನಂಗೆ ತಲೆ ಕೆಟ್ಟಿತ್ತು."

"ಮುಖ ನೋಡ್ದೇ ಜಗಳ ಆಡಿ ಬಂದ್ಯಾ ಮಾರಾಯ್ತಿ? ನಿಮ್ಮ ತಾತನ ಜೊತೆ ನಾನು ಆಡದ ಜಗಳ ಇಲ್ಲ. ಒಂದು ದಿನಾನೂ ಮುಖ ನೋಡ್ದೆ ಆಡಿಲ್ಲ. ಕೆಲವು ಸಲ ಮುಖ ನೋಡಿ ಬಿಟ್ಟುಬಿಡ್ತಿದ್ದೆ. ಕೆಲವು ಸಲ ಮುಖ ನೋಡಿ ಇನ್ನೂ ಎರಡು ಜಾಸ್ತಿ ಅಂತಿದ್ದೆ." ಅಜ್ಜಿ ಒಂದು ಹಪ್ಪಳ ಎತ್ತಿ ನೋಡಿದಳು. "ಇದೇನೇ, ಆಫ್ರಿಕಾದ ಮ್ಯಾಪು?"

ಪೂಜಿತಾ ಅಳುತ್ತಲೇ ನಕ್ಕಳು. ಆದರೆ ಆ ಪ್ರಶ್ನೆ ಅವಳ ಜೊತೆಯೇ ಉಳಿಯಿತು. ಅವನ ಮುಖ ಹೇಗಿತ್ತು? ಅವನು ಇನ್ನೂ ಏನೋ ಹೇಳುತ್ತಿದ್ದನಲ್ಲ… ಅಗಲ ಜಾಸ್ತಿ ಮಾಡಿ ನೋಡಿದರೆ… ನೋಡಿದರೆ ಏನು?

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು. ಲ್ಯಾಬಿನಲ್ಲಿ ಮೋನಿಕಾ ಒಬ್ಬಳೇ ಇದ್ದಳು. ಪೂಜಿತಾ ಯಾರಿಗೂ ಏನೂ ಹೇಳದೆ ಯಂತ್ರದ ಮುಂದೆ ಕುಳಿತು ಅಳತೆಯ ಅಗಲ ಹೆಚ್ಚಿಸಿದಳು.

ಮೊನೆ ಹಾಗೇ ಇತ್ತು. ಆದರೆ ಅದರ ಎರಡೂ ಬದಿಗೆ, ನಿನ್ನೆ ಪರದೆಯಲ್ಲಿ ಜಾಗವೇ ಇರದ ಕಡೆ, ದೊಡ್ಡದೊಂದು ದಿಬ್ಬ ಎದ್ದು ನಿಂತಿತು.

ಯಂತ್ರ ಒಂದು ಚಿತ್ರ ಬಿಡಿಸುವುದಕ್ಕೆ ಲಕ್ಷಗಟ್ಟಲೆ ಪಲ್ಸ್‌ಗಳನ್ನು ಸೇರಿಸುತ್ತದೆ. ಒಂದೊಂದು ಪಲ್ಸೂ ಒಂದೊಂದು ಆಕಾರದಲ್ಲಿ ನಡುಗುತ್ತಿದ್ದರೆ ಆ ಚಿತ್ರದ ನಡುವೆ ಇಂಥ ಸೂಜಿಮೊನೆ ಏಳುತ್ತದೆ. ಪಲ್ಸಿನ ನಿಜವಾದ ಉದ್ದ ಇರುವುದು ಅಗಲವಾದ ಆ ದಿಬ್ಬದಲ್ಲಿ. ಬೆಳಕಿನ ಕೆಲಸ ಮಾಡುವವರು ಬೀಳುವ ಹಳೆಯ ಹಳ್ಳ ಇದು. ಪುಸ್ತಕದಲ್ಲಿ ಅವಳೂ ಓದಿದ್ದಳು. ಪರೀಕ್ಷೆಯಲ್ಲಿ ಬರೆದಿದ್ದಳು.

ಅಳತೆಯ ಅಗಲ ಕಿರಿದು ಮಾಡಿದ್ದು ಯಾರು? ಅವಳೇ. ಬೇಗ ಬೇಗ ಆಗಲಿ ಎಂದು, ಆ ದಿನ ಬೇಗ ಬರಲಿ ಎಂದು, ಬೇಕಾದದ್ದು ಮಾತ್ರ ಕಾಣುವಷ್ಟು ಕಿರಿದು ಮಾಡಿಕೊಂಡಿದ್ದಳು.

ಬಾಗಿಲು ಸದ್ದಾಯಿತು. ವಸಂತ್. ಪೂಜಿತಾ ಈ ಸಲ ಮೊದಲು ಅವನ ಮುಖ ನೋಡಿದಳು. ನಿದ್ದೆ ಇಲ್ಲದ ಕಣ್ಣು, ಬಾಚದ ತಲೆ. ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲು ಅಪ್ಪಣೆ ಬೇಕೆನ್ನುವವನ ಹಾಗೆ.

ಮೋನಿಕಾ ಇಬ್ಬರನ್ನೂ ನೋಡಿ, "ನನಗೆ ಲೈಬ್ರರೀಲಿ ಏನೋ ಕೆಲಸ ಇದೆ. ಏನು ಅಂತ ಹೋಗ್ತಾ ಯೋಚಿಸ್ತೀನಿ," ಎಂದು ಹೊರಟಳು.

"ನೀವು ಹೇಳಿದ್ದೇ ಸರಿ," ಎಂದಳು ಪೂಜಿತಾ.

"ಸರಿ ಆಗಬಾರದಿತ್ತು."

"ಅಂದ್ರೆ?"

ವಸಂತ್ ಹತ್ತಿರ ಬಂದ. "ಆ ಮೊನೆ ನಿಜ ಆಗಿರ್ಲಿ ಅಂತ ನಿಮಗಿಂತ ಜಾಸ್ತಿ ನಾನು ಬೇಡ್ಕೊಂಡೆ. ನೋಡೇ ನೋಡಿದೆ, ತಪ್ಪು ನಂದೇ ಇರ್ಲಿ ಅಂತ. ಆದ್ರೆ… ಸುಳ್ಳು ಪಲ್ಸಿನ ಮೇಲೆ ನಿಂತು ಆ ಮಾತು ಹೇಳಿ, ನಾಳೆ ಇದು ಸುಳ್ಳು ಅಂತ ಗೊತ್ತಾದ್ರೆ, ನನ್ನ ಮಾತೂ ನಿಮಗೆ ಹಂಗೇ ಕಾಣ್ತಿತ್ತು. ಅದೊಂದು ಮಾತ್ರ ಹಂಗೆ ಕಾಣಬಾರದು."

ಪೂಜಿತಾಗೆ ಮೇಜು ಹಿಡಿದುಕೊಳ್ಳಬೇಕೆನಿಸಿತು. ಆ ಮೇಜು ಮುಟ್ಟುವ ಹಾಗಿರಲಿಲ್ಲ, ಕನ್ನಡಿಗಳು ಅಲುಗಾಡುತ್ತವೆ. ತನ್ನ ಕೈಯನ್ನೇ ತಾನು ಹಿಡಿದುಕೊಂಡಳು.

"ಹಂಗಾದ್ರೆ ಆ ಮಾತು… ಇದೆ?"

"ಇದೆ."

"ಎಲ್ಲಿಗೂ ಹೋಗಿಲ್ಲ?"

"ಎಲ್ಲಿಗೆ ಹೋಗುತ್ತೆ?"

ಅವಳು ಮುಖ ಒರೆಸಿಕೊಂಡಳು. "ಮೊದಲು ನಾನು ಮೇಡಂ ಹತ್ರ ಹೋಗ್ತೀನಿ. ಅಗಲ ಕಮ್ಮಿ ಮಾಡಿದ್ದು ನಾನು. ನಾನೇ ಹೇಳ್ಬೇಕು."

ಜಗದಾಂಬಾ ಮೇಡಂ ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ಕಳಿಸೋಕೆ ಮುಂಚೆ ಗೊತ್ತಾಯ್ತಲ್ಲ, ಬಚಾವಾದ್ವಿ," ಎಂದರು. "ಹೋಗು. ಆ ಪಲ್ಸ್ ಯಾಕೆ ನಡುಗ್ತಿದೆ ಅಂತ ಕಂಡು ಹಿಡಿ. ಅಲ್ಲೀವರೆಗೂ ನನಗೆ ಮುಖ ತೋರಿಸ್ಬೇಡ."

* * *

ಯಾಕೆ ನಡುಗುತ್ತಿದೆ?

ಲೇಸರ್ ತಪ್ಪಲ್ಲ, ಬಿಲ್ಲೆಗಳು ತಪ್ಪಲ್ಲ, ಕನ್ನಡಿಗಳನ್ನೂ ಒಂದೊಂದಾಗಿ ನೋಡಿಯಾಯಿತು. ಕೊನೆಗೊಂದು ದಿನ ಪೂಜಿತಾ ಕನ್ನಡಿ ಒರೆಸುವ ತೆಳುಕಾಗದವೊಂದನ್ನು ಬಿಲ್ಲೆಗಳ ಹತ್ತಿರ ಹಿಡಿದಿದ್ದಳು. ಕಾಗದದ ತುದಿ ಪಟಪಟನೆ ಕುಣಿಯಿತು. ಅವಳು ಕಾಗದ ನೋಡಿದಳು. ಆಮೇಲೆ ಮೆಲ್ಲಗೆ ತಲೆ ಎತ್ತಿ ಗೋಡೆ ನೋಡಿದಳು.

"ವಸಂತ್."

"ಹೇಳಿ."

"ಏಸಿ."

ಇಬ್ಬರೂ ಬಿಳಿಚಿಕೊಂಡರು. ಆ ಏಸಿ ಸಾಮಾನ್ಯ ಏಸಿ ಅಲ್ಲ. ಅದನ್ನು ಮಂಜೂರು ಮಾಡಿಸಲು ಜಗದಾಂಬಾ ಮೇಡಂ ಆಡಳಿತ ಕಚೇರಿಯ ಮೆಟ್ಟಿಲು ಸವೆಸಿದ್ದರು. ಅದು ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದ್ದರು. ಅದರ ಗಾಳಿ ಈಗ ನೇರವಾಗಿ ಬಿಲ್ಲೆಗಳ ಮೇಲೆ ಬೀಳುತ್ತಿತ್ತು. ಗಾಳಿ ಅಲುಗಿದರೆ ಕಿರಣ ಅಲುಗುತ್ತದೆ, ಕಿರಣ ಅಲುಗಿದರೆ ಪಲ್ಸ್ ನಡುಗುತ್ತದೆ.

"ಯಾರು ಹೇಳೋದು?" ಎಂದ ವಸಂತ್.

"ನೀವು ಸೀನಿಯರ್ರು."

"ಕಂಡು ಹಿಡಿದಿದ್ದು ನೀವು."

ಕೊನೆಗೆ ಮೋನಿಕಾ ಹೇಳಿದಳು. ಮೇಡಂ ಏಸಿಯನ್ನೂ ಇವರನ್ನೂ ನೋಡಿ, "ಪೂಜೆ ಬೇರೆ ಮಾಡಿದ್ನಲ್ಲೇ ಇದಕ್ಕೆ," ಎಂದು ಹಣೆ ಬಡಿದುಕೊಂಡರು. ಆಮೇಲೆ ತಾವೇ ರಿಮೋಟ್ ಒತ್ತಿ ಆರಿಸಿದರು.

ಕಿರಣದ ದಾರಿಗೆ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಗೂಡು ಕಟ್ಟಿದರು. ಮಾರ್ಚ್ ತಿಂಗಳ ಶಿವಮೊಗ್ಗದ ಸೆಖೆ. ಮುಚ್ಚಿದ ಕೋಣೆ. ನಾಲ್ಕು ಜನರೂ ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಬೆವರು ಕನ್ನಡಿ ಮೇಲೆ ಬೀಳದ ಹಾಗೆ ಒರೆಸಿಕೊಂಡು ಕೆಲಸ ಮಾಡಿದರು. ಪೂಜಿತಾ ಅಳತೆಯ ಅಗಲವನ್ನು ಯಂತ್ರ ತಡೆಯುವಷ್ಟು ಹೆಚ್ಚಿಸಿಟ್ಟಳು. ದಿಬ್ಬ ಇದ್ದರೆ ಕಾಣಲಿ. ಕಾಣಬೇಕು.

"ಈಗ?" ಎಂದ ವಸಂತ್.

"ಸ್ವಲ್ಪ ಎಡಕ್ಕೆ."

"ಈಗ?"

"ಇನ್ನೂ ಚೂರು…"

ಪರದೆಯ ನಡುವೆ ಮೊನೆ ಎದ್ದಿತು. ಅದರ ಬದಿಗೆ ದಿಬ್ಬ ಇರಲಿಲ್ಲ. ಎಡಕ್ಕೂ ಬಲಕ್ಕೂ, ಪರದೆಯ ತುದಿಯವರೆಗೂ ಬಯಲು. ಅಂಕಿ ಹತ್ತರ ಕೆಳಗೆ ನಿಂತಿತ್ತು, ಮಿಸುಕಲಿಲ್ಲ.

"ಈಗ?" ಎಂದು ವಸಂತ್ ಮತ್ತೆ ಕೇಳಿದ. ಪೂಜಿತಾ ತಿರುಗಿ ಅವನನ್ನು ನೋಡಿದಳು. ಅವನಿಗೆ ಗೊತ್ತಾಯಿತು. ಸ್ಕ್ರೂ ಮೇಲಿಂದ ಬೆರಳು ತೆಗೆಯಲು ಅವನಿಗೆ ಧೈರ್ಯವಾಗಲಿಲ್ಲ. ಹಾಗೇ ನಿಂತು, ಬೆವರಲ್ಲಿ ತೊಯ್ದ ಮುಖದಲ್ಲಿ ನಕ್ಕ.

ಇನ್ನೊಂದು ಬೇರೆ ವಿಧಾನದಲ್ಲೂ ಅಳೆದರು. ಅದರಲ್ಲೂ ಅಷ್ಟೇ. ಮೇಡಂ ಗೋಪಿ ಸರ್ಕಲ್‌ನಿಂದ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದರು. ಕೊನೆಯ ದಿನದ ಸಂಜೆಯೊಳಗೆ ಪುರಸ್ಕಾರಕ್ಕೆ ಕೆಲಸ ಕಳಿಸಿಯೂ ಆಯಿತು.

ಮಾತು ಮಾತ್ರ ಬರಲಿಲ್ಲ!

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದ. "ಪೂಜಿತಾ…" ಎಂದ. ಭದ್ರಾವತಿ, ಭದ್ರಾವತಿ ಎಂದು ಕಂಡಕ್ಟರ್ ಕೂಗಿದ. "ಇಲ್ಲಿ ಬೇಡ," ಎಂದ. ಕ್ಯಾಂಟೀನಿನಲ್ಲಿ ಬಾಯಿ ತೆರೆದ, ಮೋನಿಕಾ ಬಂದು ಕುಳಿತಳು. ತುಂಗಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದ, ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಲೇಸರ್ ಮುಂದೆ ಕೈ ನಡುಗದವನಿಗೆ ಈಗ ನಾಲಿಗೆಯೇ ನಡುಗುತ್ತಿತ್ತು. ಪೂಜಿತಾಗೆ ಒಂದು ದಿನ ನಗು, ಒಂದು ದಿನ ಸಿಟ್ಟು. ಷರತ್ತು ಮುಗಿದ ಮೇಲೂ ಯಾಕೆ ಸುಮ್ಮನಿದ್ದಾನೆ ಇವನು? ನಾನೇ ಹೇಳಿಬಿಡಲೇ? ಊಹೂಂ. ಷರತ್ತು ಹಾಕಿಕೊಂಡಿದ್ದು ಅವನು, ಅವನೇ ಹೇಳಲಿ.

* * *

ಫೋನು ಬಂದದ್ದು ಮೇ ತಿಂಗಳಲ್ಲಿ. ಅತಿವೇಗದ ಲೇಸರ್ ಸಂಶೋಧನೆಗಾಗಿ ಆ ವರ್ಷದ ಪುರಸ್ಕಾರ ಜಗದಾಂಬಾ ಮೇಡಂ ಮತ್ತು ಅವರ ಲ್ಯಾಬಿನ ಮೂವರಿಗೂ ಸಂದಿತ್ತು. ಪತ್ರಿಕೆಯಲ್ಲಿ ಫೋಟೋ ಬಂತು. ದುರ್ಗಮ್ಮಜ್ಜಿ ಆ ಪತ್ರಿಕೆ ಹಿಡಿದು ಓಲ್ಡ್ ಟೌನ್‌ನ ಬೀದಿ ಬೀದಿ ಸುತ್ತಿದಳು. "ಬೆಳಕು ಸಣ್ಣ ಮಾಡಿದಾಳೆ ನನ್ನ ಮೊಮ್ಮಗಳು," ಎಂದಳು. "ಕರೆಂಟ್ ಬಿಲ್ಲು ಸಣ್ಣ ಆಗುತ್ತಾ?" ಎಂದು ಕೇಳಿದವರಿಗೆ, "ಅದನ್ನೂ ಮಾಡ್ತಾಳೆ ಇರು," ಎಂದಳು.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಸನ್ಮಾನ. ನಾಲ್ವರಿಗೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ವಸಂತನ ಪೇಟ ಅವನ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಜಾರುತ್ತಿತ್ತು. ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಮುಂದಿನ ಸಾಲಿನಲ್ಲಿ ಅಜ್ಜಿ ನೆಟ್ಟಗೆ ಕುಳಿತಳು.

"ಈ ಕೆಲಸದಲ್ಲಿ ದೊಡ್ಡ ದಿನ ಯಾವುದು ಅಂತ ಎಲ್ಲರೂ ಕೇಳ್ತಾರೆ," ಎಂದ ವಸಂತ್. "ಪಲ್ಸ್ ಸಿಕ್ಕಿದ ದಿನ ಅಲ್ಲ. ಸಿಕ್ಕಿದ್ದು ಸುಳ್ಳು ಅಂತ ಗೊತ್ತಾದಾಗ ಪೂಜಿತಾ ತಾವಾಗೇ ಮೇಡಂ ಹತ್ರ ಹೋಗಿ ಹೇಳಿದ್ರಲ್ಲ, ಆ ದಿನ. ಅವತ್ತು ಅವರು ಸುಮ್ಮನಿದ್ದಿದ್ರೆ ಇವತ್ತು ನಾವ್ಯಾರೂ ಇಲ್ಲಿ ಇರ್ತಿರ್ಲಿಲ್ಲ."

ಚಪ್ಪಾಳೆ ಬಿತ್ತು. ಪೂಜಿತಾಗೆ ಸಭಾಂಗಣ ಮಸುಕಾಯಿತು. ಅಷ್ಟು ಜನರ ಮುಂದೆ ಇಷ್ಟು ಸಲೀಸಾಗಿ ಮಾತಾಡುತ್ತಾನಲ್ಲ… ನನ್ನೊಬ್ಬಳ ಮುಂದೆ ಮಾತ್ರ ಬಾಯಿ ಕಟ್ಟುತ್ತದೆಯೇ ಇವನಿಗೆ?

ಕಾರ್ಯಕ್ರಮ ಮುಗಿದು ಜನ ಚದುರಿದರು. ವೇದಿಕೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅಜ್ಜಿ ನೇರವಾಗಿ ವಸಂತನ ಹತ್ತಿರ ಬಂದಳು.

"ಆಯನೂರಿನೋನು ನೀನೇನಾ?"

"ಹೌದಜ್ಜಿ."

"ಯಾರ ಮಗ?"

"ಹೊನ್ನಯ್ಯನವರ ಮಗ."

"ಭಾಷಣ ಚೆನ್ನಾಗಿತ್ತು. ನನ್ನ ಮೊಮ್ಮಗಳಿಗೆ ಏನೋ ಒಂದು ಮಾತು ಬಾಕಿ ಇಟ್ಕೊಂಡಿದೀಯಂತಲ್ಲ."

ವಸಂತನ ಪೇಟ ಮೂಗಿನ ತನಕ ಇಳಿಯಿತು.

"ನಾನು ಆಟೋದಲ್ಲಿ ಕೂತಿರ್ತೀನಿ," ಎಂದಳು ಅಜ್ಜಿ. "ನನ್ನ ಕಥೆಗಳಲ್ಲಿ ರಾಜಕುಮಾರರು ಕೆಲಸ ಮುಗಿದ ಮೇಲೆ ಇಷ್ಟು ದಿನ ಕಾಯ್ಸಲ್ಲಪ್ಪ." ತನ್ನ ಪಾಡಿಗೆ ಹಣ್ಣಿನ ಬುಟ್ಟಿ ಎತ್ತಿಕೊಂಡು ನಡೆದಳು.

ಪೂಜಿತಾ ನೆಲ ನೋಡುತ್ತ ನಿಂತಳು. ವಸಂತ್ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದರ ಜರಿಯನ್ನು ತಿರುವಿದ. ಕುರ್ಚಿ ಪೇರಿಸುವ ಸದ್ದು ನಡೆಯುತ್ತಲೇ ಇತ್ತು. ಆದರೆ ಈ ಸಲ ಅವನು ಇಲ್ಲಿ ಬೇಡ ಎನ್ನಲಿಲ್ಲ.

"ತುಂಬಾ ಸಲ ಪ್ರಾಕ್ಟೀಸ್ ಮಾಡಿದೀನಿ," ಎಂದ. "ಅದರಲ್ಲಿ ಬಣ್ಣ, ಬೆಳಕು ಅಂತೆಲ್ಲ ಇತ್ತು. ಈಗ ಒಂದೂ ನೆನಪಾಗ್ತಿಲ್ಲ."

"ನೆನಪಿರೋದು ಹೇಳಿ."

ಅವನು ತಲೆ ಎತ್ತಿದ. ಅವಳು ಅವನ ಮುಖ ನೋಡಿದಳು, ಕಣ್ಣು ತೆಗೆಯದೆ ನೋಡಿದಳು.

"ನೀವಿಲ್ಲದ ದಿನ ನನಗೆ ಲ್ಯಾಬಿಗೆ ಹೋಗೋಕೇ ಮನಸ್ಸು ಬರಲ್ಲ. ಮನೆಗೆ ಹೋಗೋಕೂ ಮನಸ್ಸು ಬರಲ್ಲ. ಜ್ವರ ಬಂದಾಗ, ಅಡುಗೆ ಕೆಟ್ಟಾಗ, ಕೆಲಸ ಕೈಕೊಟ್ಟಾಗ ನೀವು ಪಕ್ಕದಲ್ಲಿದ್ದು ಬೈತಾ ಇರ್ಬೇಕು ಅನ್ಸುತ್ತೆ. ನಾನು ನಿಮ್ಮನ್ನ ಪ್ರೀತಿಸ್ತೀನಿ ಪೂಜಿತಾ. ಇದೇ ಆ ಮಾತು. ನನ್ನ ಜೊತೆ ಇರ್ತೀರಾ?"

ಎಷ್ಟು ದಿನಗಳಿಂದ ಕಾದಿದ್ದ ಮಾತು! ಬಂದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

"ಇರ್ತೀನಿ," ಎಂದಳು.

"ನಿಜವಾಗ್ಲೂ?"

"ಇರ್ತೀನಿ ಅಂದ್ನಲ್ಲ."

"ಇನ್ನೊಂದ್ಸಲ ಹೇಳಿ."

"ನೀವು ಒಂದು ಸಲ ಹೇಳೋಕೆ ಚಳಿಗಾಲದಿಂದ ಬೇಸಿಗೆ ತನಕ ತಗೊಂಡ್ರಿ. ನಾನು ಎರಡೆರಡು ಸಲ ಹೇಳ್ಬೇಕಾ?"

"ಬೇಡ ಬಿಡಿ," ಎಂದ ವಸಂತ್, ಮೆಲ್ಲಗೆ ನಗುತ್ತ. "ಕೇಳಿಸ್ತು."

ಹೊರಗೆ ಆಟೋದ ಹಾರ್ನ್ ಆಯಿತು. ಪೂಜಿತಾ ಎರಡು ಹೆಜ್ಜೆ ಹೋದವಳು ನಿಂತು, ಹಿಂದಿರುಗಿ ಬಂದು, ಅವನ ಕೈ ಹಿಡಿದುಕೊಂಡಳು.

"ಇರ್ತೀನಿ, ವಸಂತ್."